ಗೇಟು ನೇಪಾಳದಲ್ಲಿ, ಕೀಲಿ ಬಿಹಾರದಲ್ಲಿ
ಪ್ರಶ್ನೆ: ಕೋಸಿ ಬ್ಯಾರೇಜ್ ಇರುವುದು ನೇಪಾಳದಲ್ಲಿ, ಗೇಟು ತೆಗೆಯುವವರು ಬಿಹಾರದ ಎಂಜಿನಿಯರುಗಳಂತೆ. ನಿಜವೇ?

ಉತ್ತರ: ನಿಜ. 1954ರ ಏಪ್ರಿಲ್ 25ರ ಭಾರತ–ನೇಪಾಳ ಒಪ್ಪಂದದಂತೆ ಜಾಗ ನೇಪಾಳದ್ದು. ಕಟ್ಟುವ ಖರ್ಚು, ನಿರ್ವಹಣೆ ಭಾರತದ್ದು. 56 ಗೇಟುಗಳ ಉಸ್ತುವಾರಿ ಬಿಹಾರದ ಜಲಸಂಪನ್ಮೂಲ ಇಲಾಖೆಯದು. ಆದರೆ ಕೋಸಿ ನದಿಯ ನಿಜವಾದ ತಲೆನೋವು ನೀರಿಗಿಂತ ಹೂಳು. ಹಿಮಾಲಯದಿಂದ ಬಂದ ಮಣ್ಣು ಎರಡು ದಂಡೆಗಳ ಒಡ್ಡುಗಳ ನಡುವೆಯೇ ಕೂತು ನದೀಪಾತ್ರ ವರ್ಷವರ್ಷಕ್ಕೆ ಮೇಲೇರುತ್ತದೆ. ಒಡ್ಡು ಎಷ್ಟು ದಿನ ತಡೆದೀತು? 2008ರ ಆಗಸ್ಟ್ 18ರಂದು ನೇಪಾಳದ ಕುಸಹಾದಲ್ಲಿ ಅದು ಒಡೆದಾಗ ಹೊಳೆಯಲ್ಲಿದ್ದ ನೀರು ವಿನ್ಯಾಸದ ಮಿತಿಗಿಂತ ಎಷ್ಟೋ ಕಡಿಮೆ! ತಪ್ಪನ್ನು ಎರಡೂ ಕಡೆಯವರು ಒಬ್ಬರ ಮೇಲೊಬ್ಬರು ಹಾಕಿದರು. ನದಿಯೋ, ತಾನು ಬಿಟ್ಟಿದ್ದ ಹಳೆಯ ಹಾದಿ ಹಿಡಿದು ಬಿಹಾರದ ಸುಪೌಲ್, ಮಧೇಪುರಾ ಜಿಲ್ಲೆಗಳಿಗೆ ನುಗ್ಗಿತು.