ಹೊಳೆಗೆ ಹೋಗುವ ಹಾದಿ ಯಾರದು?

ಮಳೆಗಾಲ ಕಳೆದು ತುಂಗಭದ್ರೆಯ ನೀರು ಇಳಿಯತೊಡಗಿದೊಡನೆ ಹೊಳೆದಂಡೆಯ ಹಳ್ಳಿಗಳಲ್ಲಿ ಹಳೆಯ ತಂಟೆಯೊಂದು ತಲೆ ಎತ್ತುತ್ತದೆ. ಮಡುಗಳಲ್ಲಿ ಮೀನು ನಿಲ್ಲುವ ಕಾಲವೂ ಅದೇ, ಗದ್ದೆಯಲ್ಲಿ ಭತ್ತ ತೆನೆ ಬಿಡುವ ಕಾಲವೂ ಅದೇ. ಬಲೆ ಹೊತ್ತವನು ಬದುವಿನ ಮೇಲೆ ಬರುತ್ತಾನೆ, ಗದ್ದೆಯವನು ತಡೆಯುತ್ತಾನೆ.

"ಯಾಕಪಾ ತಮ್ಮಾ, ನಮ್ಮ ಗದ್ಯಾಗ ಹಾದು ಎಲ್ಲಿಗೆ ಹೊಂಟಿ?"

"ಹೊಳಿಗೆ ಹೊಂಟೀನ್ರಿ ಯಜಮಾನ್ರ. ಹೊಳಿ ಎಲ್ಲಾರದು ಐತಲ್ರಿ."

"ಹೊಳಿ ಎಲ್ಲಾರದು ಇರಬಹುದು, ಬದು ನಂದು."

ರೈತ ಬಾಂಧವರೇ, ಇಬ್ಬರ ಮಾತಿನಲ್ಲಿಯೂ ನಿಜವಿದೆ. ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಗಂಟಿನಲ್ಲಿ ಕಟ್ಟುವುದರಿಂದ ಈ ಜಗಳ ಬೆಳೆಯುತ್ತದೆ. ನೀರು ಹರಿಯುವ ನೆಲ ಯಾರದು? ಮೀನು ಹಿಡಿಯುವ ಹಕ್ಕು ಯಾರದು? ದಂಡೆಗೆ ಹೋಗುವ ಹಾದಿ ಯಾರದು? ಇವನ್ನು ಬಿಡಿಸಿ ನೋಡಿದರೆ ಪೊಲೀಸ್ ಠಾಣೆಯವರೆಗೆ ಹೋಗುವ ಎಷ್ಟೋ ವ್ಯಾಜ್ಯಗಳು ಊರಲ್ಲಿಯೇ ಮುಗಿದಾವು.

ಮೊದಲು ನೆಲದ ಮಾತು. ಇಂಗ್ಲೆಂಡಿನಲ್ಲಿ ಒಳನಾಡಿನ ಹೊಳೆಯ ದಂಡೆಯ ಜಮೀನುದಾರನಿಗೆ ಸಾಮಾನ್ಯವಾಗಿ ಹೊಳೆಯ ನಡುಮಟ್ಟದವರೆಗೆ ತಳದ ನೆಲವೂ, ಅದರೊಡನೆ ಮೀನಿನ ಹಕ್ಕೂ ಸೇರುತ್ತವೆ. ಅಲ್ಲಿ ಗಾಳ ಹಾಕಬೇಕಾದವನು ಜಮೀನುದಾರನಿಗೆ ಹಣ ಕೊಡಬೇಕು. ನಮ್ಮಲ್ಲಿ ಹಾಗಿಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 67ನೆಯ ಕಲಮು ನದಿ, ಹಳ್ಳ, ನಾಲೆ, ಕೆರೆಗಳ ತಳವನ್ನೂ, ನಿಂತ ನೀರು ಹರಿಯುವ ನೀರುಗಳನ್ನೂ, ಖಾಸಗಿ ಸ್ವತ್ತೆಂದು ಸಿದ್ಧವಾಗದ ಹೊರತು, ರಾಜ್ಯ ಸರಕಾರದ ಸ್ವತ್ತೆಂದು ಸಾರಿದೆ. ಹೊಲದ ಅಂಚಿಗೆ ಹೊಳೆ ಹರಿದಿದೆ ಎಂದಮಾತ್ರಕ್ಕೆ ಹೊಳೆ ಹೊಲದವನದಾಗದು.

ದೊಡ್ಡ ಹೊಳೆಯ ವಿಷಯದಲ್ಲಿ ಇದನ್ನು ಯಾರೂ ಅಲ್ಲಗಳೆಯುವುದಿಲ್ಲ. ತೊಡಕಾಗುವುದು ಹಳ್ಳಗಳಲ್ಲಿ. ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಗಳು ವರ್ಷದ ಹೆಚ್ಚಿನ ದಿನ ಒಣಗಿರುತ್ತವೆ, ಎಷ್ಟೋ ಕಡೆ ಒಬ್ಬನ ಸರ್ವೆ ನಂಬರಿನ ನಡುವೆಯೇ ಹಾದುಹೋಗುತ್ತವೆ. ಅಂಥವರು ತಮ್ಮ ಪಹಣಿಯನ್ನು ತೆಗೆದು ವಿಸ್ತೀರ್ಣದ ಅಂಕಣ ನೋಡಬೇಕು. ಅಲ್ಲಿ ಖರಾಬು ಎರಡು ಬಗೆಯಾಗಿ ಬರೆದಿರುತ್ತದೆ. 'ಅ' ಖರಾಬು ಎಂದರೆ ಕಲ್ಲುಬಂಡೆ, ಕಣ, ಹೊಲದ ಮನೆ ಮುಂತಾದ, ಸಾಗುವಳಿಗೆ ಬಾರದ ನೆಲ. ಅದು ಹಿಡುವಳಿದಾರನದೇ. 'ಬ' ಖರಾಬು ಎಂದರೆ ಸಾರ್ವಜನಿಕ ಉಪಯೋಗಕ್ಕೆಂದು ಬಿಟ್ಟ ನೆಲ: ರಸ್ತೆ, ಒಪ್ಪಿತವಾದ ಕಾಲುದಾರಿ, ಇತರರೂ ಬಳಸುವ ಕೆರೆ ಹಳ್ಳ, ಸ್ಮಶಾನ. ಖರಾಬು ಎಂಬ ಹೆಸರು ಕೇಳಿ ಕೆಲಸಕ್ಕೆ ಬಾರದ್ದು ಎಂದು ತಿಳಿಯುವುದು ಸಹಜ. ಕಂದಾಯದ ಲೆಕ್ಕದಲ್ಲಿ ಅದಕ್ಕೆ ತೀರುವೆ ಇಲ್ಲ ಎಂದಷ್ಟೇ ಅರ್ಥ. 'ಬ' ಖರಾಬನ್ನು ಉತ್ತು ಬಿತ್ತಿದರೂ ಅದು ನಮ್ಮದಾಗುವುದಿಲ್ಲ, ಬೇಲಿ ಹಾಕುವ ಅಧಿಕಾರವೂ ನಮಗಿಲ್ಲ.

ಹಳ್ಳ ಕಿರಿದಾದರೆ ಏನಾಗುತ್ತದೆ ಎಂಬುದನ್ನು ಕೊಪ್ಪಳದವರಿಗೆ ಹೇಳಬೇಕಾಗಿಲ್ಲ. ಹೂಳು ತುಂಬಿ ಜಾಲಿ ಬೆಳೆದು ಹಿರೇಹಳ್ಳ ಗುರುತು ಸಿಗದಂತಾಗಿತ್ತು. 2019ರಲ್ಲಿ ಗವಿಮಠದ ಸ್ವಾಮಿಗಳ ಮುಂದಾಳುತನದಲ್ಲಿ ಜನ ಸೇರಿ 20 ಕಿಲೋಮೀಟರಿಗೂ ಹೆಚ್ಚು ದೂರ ಅದನ್ನು ಹಸನು ಮಾಡಿದರು.

ಎರಡನೆಯದು ಮೀನಿನ ಹಕ್ಕು. ನೀರು ಸರಕಾರದ್ದಾದರೆ ಮೀನು ಯಾರು ಬೇಕಾದರೂ ಹಿಡಿಯಬಹುದೆಂದು ಕೆಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಹೊಳೆ ಮತ್ತು ಜಲಾಶಯಗಳಲ್ಲಿ ಬಲೆ ಹಾಕಲು ಪರವಾನಗಿ ಬೇಕು. ಕೆರೆಗಳಲ್ಲಿ ಮೀನಿನ ಹಕ್ಕನ್ನು ಗುತ್ತಿಗೆಗೆ ಕೊಡುವ ಪದ್ಧತಿಯಿದೆ. ದೊಡ್ಡ ಕೆರೆಗಳದನ್ನು ಮೀನುಗಾರಿಕೆ ಇಲಾಖೆ ಕೊಡುತ್ತದೆ, ಸಣ್ಣ ಕೆರೆಗಳದನ್ನು ಗ್ರಾಮ ಪಂಚಾಯಿತಿ ಕೊಡುತ್ತದೆ. ಮೀನುಗಾರರ ಸಹಕಾರ ಸಂಘಗಳಿಗೆ ಇದರಲ್ಲಿ ಆದ್ಯತೆ ಉಂಟು. ನಿಮ್ಮ ಊರಿನ ನೀರಿಗೆ ಯಾವ ನಿಯಮ ಎಂಬುದನ್ನು ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಕೇಳಿ ತಿಳಿಯಬೇಕು. ಗಂಗಾವತಿ ಕಡೆಯವರು ಇನ್ನೊಂದು ಮಾತು ನೆನಪಿಡಬೇಕು. ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ಅಲ್ಲಿ ಅರಣ್ಯ ಇಲಾಖೆಯ ಮಾತೂ ನಡೆಯುತ್ತದೆ.

ಇನ್ನು ಹಾದಿ. ನಿಜವಾದ ಗಂಟು ಇರುವುದು ಇಲ್ಲಿಯೇ. ಪರವಾನಗಿಯ ಚೀಟಿ ಮೀನು ಹಿಡಿಯಲು ಕೊಟ್ಟದ್ದು, ಪರರ ಪೈರು ತುಳಿಯಲು ಕೊಟ್ಟದ್ದಲ್ಲ. ಹೊಳೆಯೊಳಗೆ ಹರಿಗೋಲಿನಲ್ಲಿ ಬರುವವನನ್ನು ದಂಡೆಯ ರೈತ ತಡೆಯುವಂತಿಲ್ಲ. ಆದರೆ ಪಟ್ಟಾ ಜಮೀನಿನ ಮೇಲೆ ನಡೆದು ಹೋಗಬೇಕಾದರೆ ಒಂದೋ ದಾಖಲೆಯ ದಾರಿ ಇರಬೇಕು, ಇಲ್ಲವೇ ಬಹುಕಾಲದ ರೂಢಿ ಇರಬೇಕು, ಇಲ್ಲವೇ ಹೊಲದವನ ಒಪ್ಪಿಗೆ ಇರಬೇಕು.

ದಾಖಲೆ ಎಂದರೆ ಗ್ರಾಮನಕಾಶೆ. ಅದರಲ್ಲಿ ಬಂಡಿದಾರಿಗೂ ಕಾಲುದಾರಿಗೂ ಬೇರೆ ಬೇರೆ ಗುರುತುಗಳಿವೆ. ಹಿಂದಿನವರು ದನಕ್ಕೆ ನೀರು ಕುಡಿಸಲು, ಬಟ್ಟೆ ಒಗೆಯಲು, ಹರಿಗೋಲಿನ ಕಡವಿಗೆ ಹೋಗಲು ಬಳಸುತ್ತಿದ್ದ ದಾರಿಗಳು ಅದರಲ್ಲಿ ಕಾಣಬಹುದು. ನಕಾಶೆ ಕಂಡ ದಾರಿಯನ್ನು ಯಾರಾದರೂ ಮುಚ್ಚಿದ್ದರೆ ತಹಸೀಲ್ದಾರರಿಗೆ ಅರ್ಜಿ ಕೊಡಬೇಕು, ಮೋಜಣಿದಾರರು ಬಂದು ಅಳೆದು ತೋರಿಸುತ್ತಾರೆ. ಆ ದಾರಿ ಇನ್ನು ಬೇಡವೆಂದು ತೀರ್ಮಾನಿಸಬೇಕಾದರೂ ಪ್ರಕಟಣೆ ಹೊರಡಿಸಿ ಜನರ ತಕರಾರು ಕೇಳಬೇಕೆಂದು ಅದೇ ಭೂಕಂದಾಯ ಕಾಯಿದೆ ಹೇಳುತ್ತದೆ. ಒಬ್ಬ ಹೊಲದವನು ಒಂದು ರಾತ್ರಿಯಲ್ಲಿ ಮುಳ್ಳು ಹೊಡೆದು ಮುಗಿಸುವ ಕೆಲಸವಲ್ಲ.

ನಕಾಶೆಯಲ್ಲಿಲ್ಲದ, ರೂಢಿಯಿಂದ ಬಂದ ಹಾದಿಯ ವ್ಯಾಜ್ಯ ಸಿವಿಲ್ ನ್ಯಾಯಾಲಯಕ್ಕೆ ಹೋಗುತ್ತದೆ. ಅಲ್ಲಿ ಸಾಕ್ಷಿ ಬೇಕು, ವರ್ಷಗಳು ಬೇಕು, ಹಣವೂ ಬೇಕು. ದಿನದ ಮೀನು ಮಾರಿ ದಿನದ ಅಕ್ಕಿ ತರುವ ಗಂಗಾಮತಸ್ಥರ ಮನೆಗಾಗಲಿ, ಎರಡೆಕರೆ ಗದ್ದೆಯ ರೈತನಿಗಾಗಲಿ ಇದು ತಾಳುವ ಖರ್ಚಲ್ಲ. ಅದಕ್ಕಿಂತ ಹಿರಿಯರೆದುರು ಕೂತು ಕಾಗದದ ಮೇಲೆ ಬರೆದುಕೊಳ್ಳುವುದು ಮೇಲು. ಯಾವ ಬದುವಿನ ಮೇಲೆ ಹೋಗಬೇಕು, ನಾಟಿಯಾದ ಎಷ್ಟು ದಿನ ಹೋಗಬಾರದು, ಹರಿಗೋಲನ್ನು ಎಲ್ಲಿ ಕವುಚಿಡಬೇಕು, ಪಂಪ್‌ಸೆಟ್ಟಿನ ಕೊಳವೆ ಇಳಿಬಿಟ್ಟ ಜಾಗದಿಂದ ಬಲೆ ಎಷ್ಟು ದೂರವಿರಬೇಕು ಎಂಬಿಷ್ಟನ್ನು ಬರೆದರೆ ಸಾಕು. ಕೊಳವೆಯ ಬಾಯಿಗೆ ಬಲೆ ಸಿಕ್ಕಿ ಮೋಟಾರು ಸುಟ್ಟ ಮೇಲೆ ಯಾರ ಬಾಯಿಂದಲೂ ಒಳ್ಳೆಯ ಮಾತು ಬರಲಾರದು.

ತುಂಗಭದ್ರಾ ಜಲಾಶಯದ ಹಿನ್ನೀರಿನಲ್ಲಿ ಪ್ರಶ್ನೆ ತುಸು ಬೇರೆ. 1953ರಲ್ಲಿ ನೀರು ನಿಲ್ಲಿಸಿದ ಈ ಜಲಾಶಯದ ಪೂರ್ಣ ಮಟ್ಟ 1633 ಅಡಿ. ಅಲ್ಲಿಯವರೆಗಿನ ಮುಳುಗಡೆ ನೆಲವನ್ನು ಯೋಜನೆಗಾಗಿ ಆಗಲೇ ತೆಗೆದುಕೊಂಡಾಗಿದೆ. ಬೇಸಗೆಯಲ್ಲಿ ನೀರು ಹಿಂದೆ ಸರಿದಾಗ ಆ ನೆಲದಲ್ಲಿ ಬಿತ್ತುವವರಿದ್ದಾರೆ. ಬೆಳೆ ಅವರ ದುಡಿಮೆಯದು, ಅದನ್ನು ತುಳಿಯಬಾರದು. ಆದರೆ ನೆಲ ಅವರದಲ್ಲವಾದ್ದರಿಂದ ನೀರಿನ ಅಂಚಿಗೆ ಹೋಗುವವನನ್ನು ತಡೆಯುವ ಹಕ್ಕು ಅವರಿಗಿಲ್ಲ. ಮೀನುಗಾರರ ಕಡೆಗೂ ಒಂದು ಮಾತಿದೆ. ಅಲಿವಿ ಎಂಬ ದೊಡ್ಡ ಬಲೆಯನ್ನು ದಡಕ್ಕೆ ಎಳೆದರೆ ಸಣ್ಣ ಕಣ್ಣಿನಲ್ಲಿ ಕಾಟ್ಲಾ, ರೋಹು ಮರಿಗಳೂ ಬಂದುಬಿಡುತ್ತವೆ. ದಡದ ಹಾದಿ ಕೇಳುವವರು ಮುಂದಿನ ವರ್ಷದ ಮೀನನ್ನೂ ಉಳಿಸಬೇಕಷ್ಟೆ.

ಎಡದಂಡೆ ಕಾಲುವೆ ಸುಮಾರು 227 ಕಿಲೋಮೀಟರ್ ಉದ್ದವಿದೆ. ಕಾಲುವೆಯೂ ಅದರ ಏರಿಯೂ ಸರಕಾರದವೇ ಆದರೂ ಅಡ್ಡಗಟ್ಟಿ ಮೀನು ಹಿಡಿಯುವಂತಿಲ್ಲ. ಮೇಲೆ ಒಬ್ಬ ಒಡ್ಡು ಹಾಕಿದರೆ ಕೊನೆ ಭಾಗದ ಗದ್ದೆ ಒಣಗುತ್ತದೆ. ನೀರಿಗೆ ವಿಷ ಬೆರೆಸುವುದು, ಮದ್ದು ಸಿಡಿಸುವುದಂತೂ 1897ರ ಮೀನುಗಾರಿಕೆ ಕಾಯಿದೆಯ ಕಾಲದಿಂದಲೂ ಅಪರಾಧ. ಆ ನೀರನ್ನೇ ಕೆಳಗಿನ ಊರಿನ ದನ ಕುಡಿಯುತ್ತದೆ.

ಸ್ವಂತ ಹೊಲದ ಕೃಷಿಹೊಂಡಕ್ಕೆ ಇದಾವುದೂ ತಾಗದು. ಅಲ್ಲಿ ಬಿಟ್ಟ ಮರಿ ಬಿಟ್ಟವನದೇ, ಕೇಳದೆ ಗಾಳ ಹಾಕಿದರೆ ಅದು ಕಳವು. ಊರ ಕೆರೆಯ ಮಾತು ಹಾಗಲ್ಲ. ಗುತ್ತಿಗೆ ಹಿಡಿದವನಿಗೆ ಸಿಕ್ಕಿದ್ದು ಮೀನು ಮಾತ್ರ. ದನ ಇಳಿಸುವುದನ್ನೂ ಕೊಡ ತುಂಬುವುದನ್ನೂ ಅವನು ತಡೆಯಲಾರ. ಕೆರೆಗೆ ಮೀನಿನ ಗಾಡಿ ಯಾವ ಹೊಲದ ಅಂಚಿನಲ್ಲಿ ಬರಬೇಕೆಂಬುದನ್ನು ಗುತ್ತಿಗೆ ಕೊಡುವ ಮುಂಚೆಯೇ ಗ್ರಾಮಸಭೆಯಲ್ಲಿ, ಆ ಹೊಲದವರನ್ನು ಕರೆದು, ನಕಾಶೆ ಬಿಡಿಸಿಟ್ಟುಕೊಂಡು ಗೊತ್ತುಮಾಡಿ ನಡವಳಿ ಪುಸ್ತಕದಲ್ಲಿ ಬರೆಸಬೇಕು. ನಕಾಶೆ ಮತ್ತು ಪಹಣಿಯ ವಿಷಯವಾಗಿ ಸಂದೇಹವಿದ್ದವರು ತಮ್ಮ ಗ್ರಾಮ ಆಡಳಿತಾಧಿಕಾರಿಯನ್ನು ಕಾಣಬಹುದು.