ಕ್ಲೌಡ್ ಉಗ್ರಾಣವೂ ಗೂಢಲಿಪಿಯ ಕಟ್ಟಳೆಯೂ

ಜಿಲ್ಲಾ ಖಜಾನೆಯ ಭದ್ರಕೋಣೆಯ ಏರ್ಪಾಟನ್ನು ನಮ್ಮ ವಾಚಕರಿಗೆ ವಿವರಿಸಿ ಹೇಳಬೇಕಾದುದಿಲ್ಲ. ಅದಕ್ಕೆ ಎರಡು ಬೀಗಗಳು. ಒಂದರ ಕೀಲಿ ಖಜಾನೆಯ ಅಧಿಕಾರಿಯ ಬಳಿ, ಇನ್ನೊಂದರದು ಖಜಾಂಚಿಯ ಬಳಿ. ಇಬ್ಬರೂ ಕೂಡಿ ನಿಂತ ಹೊರತು ಬಾಗಿಲು ತೆರೆಯದು. ಇಬ್ಬರೂ ಪ್ರಾಮಾಣಿಕರೇ ಆಗಿರಬಹುದು. ಆದರೂ ಸಾರ್ವಜನಿಕರ ಹಣವನ್ನು ಒಬ್ಬನ ಪ್ರಾಮಾಣಿಕತೆಯನ್ನೇ ನಂಬಿ ಇಡತಕ್ಕದ್ದಲ್ಲವೆಂಬುದು ಆ ಏರ್ಪಾಟಿನ ತಿರುಳು. ಹಣದ ವಿಷಯದಲ್ಲಿ ಇಷ್ಟು ಎಚ್ಚರವುಳ್ಳ ನಾವು, ರೋಗಿಯ ಚಿಕಿತ್ಸೆಯ ವಿವರ, ರೈತನ ಸಾಲದ ಲೆಕ್ಕ, ವಿಧವೆಯ ಪಿಂಚಣಿಯ ಕಾಗದ ಮೊದಲಾದ ಪ್ರಜೆಗಳ ಸ್ವಂತ ಸಂಗತಿಗಳನ್ನು ಯಾವ ಬೀಗದೊಳಗೆ ಇಡುತ್ತಿದ್ದೇವೆಂಬುದನ್ನು ವಿಚಾರಿಸುವುದು ಅಗತ್ಯವಾಗಿದೆ.

ಏತಕ್ಕೆಂದರೆ, ಈ ಕಾಗದಗಳಲ್ಲಿ ಬಹುಭಾಗವು ಈಗ ಕಚೇರಿಯ ಬೀರುಗಳಲ್ಲಿಲ್ಲ. ಕ್ಲೌಡ್ ಎಂದು ಕರೆಯಲ್ಪಡುವ ಬಾಡಿಗೆಯ ಉಗ್ರಾಣಗಳಿಗೆ ಅವು ಹೋಗಿ ಸೇರುತ್ತಿವೆ. ಅಮೆರಿಕೆಯ ಅಮೆಜಾನ್ ಕಂಪೆನಿಯು 2006ರ ಮಾರ್ಚಿಯಲ್ಲಿ ಎಸ್ ತ್ರೀ ಎಂಬ ಇಂತಹ ಉಗ್ರಾಣವನ್ನು ತೆರೆಯಿತು. 2016ರಲ್ಲಿ ಮುಂಬಯಿಯಲ್ಲಿಯೂ 2022ರಲ್ಲಿ ಹೈದರಾಬಾದಿನಲ್ಲಿಯೂ ತನ್ನ ಕೇಂದ್ರಗಳನ್ನು ಸ್ಥಾಪಿಸಿತು. ಅದರಲ್ಲಿ ಗಿರಾಕಿಗೆ ದೊರೆಯುವ ಕೋಣೆಗೆ ಬಕೆಟ್ ಎಂದು ಹೆಸರು. ಇಂತಹ ಉಗ್ರಾಣಗಳಿಂದ ಖರ್ಚು ಕಡಮೆಯಾಗುವುದೂ ಕೆಲಸ ಬೇಗನೆ ಸಾಗುವುದೂ ನಿಜ. ಆದರೆ ಅನ್ಯರ ಮನೆಯಲ್ಲಿ ನಮ್ಮ ಪೆಟ್ಟಿಗೆಯನ್ನು ಇಟ್ಟಮೇಲೆ ಪೆಟ್ಟಿಗೆಯ ಬೀಗವನ್ನು ಕುರಿತು ಯೋಚಿಸದಿರುವುದು ವಿವೇಕವೆನಿಸದು.

ಆ ಬೀಗವೇ ಎನ್‌ಕ್ರಿಪ್ಷನ್, ಎಂದರೆ ಗೂಢಲಿಪಿ. ಇಂದು ಲೋಕದಲ್ಲೆಲ್ಲ ನಡೆಯುತ್ತಿರುವ ಎ.ಇ.ಎಸ್. ಎಂಬ ಪದ್ಧತಿಯನ್ನು ಬೆಲ್ಜಿಯಂ ದೇಶದ ಇಬ್ಬರು ವಿದ್ವಾಂಸರು, ದಾಮೆನ್ ಮತ್ತು ರೈಮೆನ್ ಎಂಬವರು, ರಚಿಸಿದರು. ಅಮೆರಿಕೆಯ ಸರಕಾರವು ಬಹಿರಂಗ ಸ್ಪರ್ಧೆಯನ್ನು ನಡೆಸಿ 2001ರಲ್ಲಿ ಅದನ್ನು ಅಂಗೀಕರಿಸಿತು. ಅದರ ಲೆಕ್ಕಾಚಾರವೆಲ್ಲವೂ ಅಚ್ಚಾಗಿ ಯಾರ ಕೈಗಾದರೂ ದೊರೆಯುವಂತಿದೆ. ಗುಟ್ಟು ಇರುವುದು ಪದ್ಧತಿಯಲ್ಲಲ್ಲ, ಕೀಲಿಯಲ್ಲಿ. ಕೀಲಿಯಿಲ್ಲದವನಿಗೆ ಕಡತವು ಅರ್ಥವಿಲ್ಲದ ಅಕ್ಷರರಾಶಿ. ಕೀಲಿಯುಳ್ಳವನಿಗೆ ತೆರೆದ ಪುಸ್ತಕ. ಆದುದರಿಂದ ಎರಡೇ ಪ್ರಶ್ನೆಗಳು ಉಳಿಯುತ್ತವೆ. ಪ್ರತಿಯೊಂದು ಕಡತಕ್ಕೂ ಬೀಗ ಬೀಳುವಂತೆ ಮಾಡುವವರಾರು? ಬೀಗದ ಕೀಲಿ ಯಾರ ಸ್ವಾಧೀನದಲ್ಲಿದೆ?

ಮೊದಲನೆಯ ಪ್ರಶ್ನೆಗೆ ನಮ್ಮ ಕಚೇರಿಗಳಿಗೆ ಸುಲಭವಾಗಿ ತೋಚುವ ಉತ್ತರವೆಂದರೆ ಸುತ್ತೋಲೆ. ಎಲ್ಲರೂ ಗೂಢಲಿಪಿಯಲ್ಲಿಯೇ ಕಡತಗಳನ್ನು ಕಳುಹತಕ್ಕದ್ದೆಂದು ಬರೆದು, ಮೊಹರು ಹಾಕಿ ಹಂಚಿದರೆ ಕರ್ತವ್ಯ ತೀರಿತೆಂದು ಭಾವಿಸುವವರಿದ್ದಾರೆ. ಸುತ್ತೋಲೆಯ ಆಯುಸ್ಸು ಎಷ್ಟೆಂಬುದನ್ನು ಅಧಿಕಾರಿಗಳಾದ ವಾಚಕರು ಚೆನ್ನಾಗಿ ಬಲ್ಲರು. ಗುಮಾಸ್ತನಿಗೆ ವರ್ಗವಾಗುತ್ತದೆ, ಗುತ್ತಿಗೆದಾರನು ತನ್ನ ಹಳೆಯ ಸಾಫ್ಟ್‌ವೇರನ್ನೇ ನಡೆಸುತ್ತಾನೆ, ಮಾರ್ಚಿ ತಿಂಗಳ ಕೊನೆಯ ದಿನದ ಗಡಿಬಿಡಿಯಲ್ಲಿ ಒಂದು ಕಟ್ಟು ಬೀಗವಿಲ್ಲದೆ ಒಳಗೆ ಹೋಗುತ್ತದೆ. ಯಾರೂ ದುಷ್ಟರಲ್ಲ, ಆದರೂ ಅನರ್ಥವು ತಪ್ಪುವುದಿಲ್ಲ.

ಇದಕ್ಕೆ ಪರಿಹಾರವು ಬಾಗಿಲಿನಲ್ಲಿಯೇ ಇದೆ. ಬಕೆಟ್ಟಿಗೆ ಪಾಲಿಸಿ ಎಂಬ ಆಜ್ಞಾಪತ್ರವೊಂದನ್ನು ಅಂಟಿಸಬಹುದು. ಒಳಗೆ ಬರುವ ಪ್ರತಿಯೊಂದು ಕಡತದೊಡನೆ, ಅಂಚೆಯ ಲಕೋಟೆಯ ಮೇಲಣ ಒಕ್ಕಣೆಯಂತೆ, ಹೆಡರ್ ಎಂಬ ತಲೆಬರಹ ಬರುತ್ತದೆ. ಯಾವ ಬಗೆಯ ಬೀಗ ಹಾಕಬೇಕು, ಯಾವ ಕೀಲಿಯಿಂದ ಹಾಕಬೇಕು ಎಂಬುದನ್ನು ಅದರಲ್ಲಿ ಬರೆಯಬಹುದು. ತಲೆಬರಹದಲ್ಲಿ ನಮ್ಮ ಕೀಲಿಯ ಹೆಸರಿಲ್ಲದಿದ್ದರೆ ಕಡತವನ್ನು ತಿರಸ್ಕರಿಸು ಎಂದು ಪಾಲಿಸಿಯಲ್ಲಿ ವಿಧಿಸಿದರೆ ಸಾಕು. ಕಳುಹಿಸಿದವನು ಗುಮಾಸ್ತನಾಗಲಿ, ಅವನ ಮೇಲಧಿಕಾರಿಯಾಗಲಿ, ಕಡತವು ಬಾಗಿಲಿನಿಂದಲೇ ಹಿಂದಿರುಗುವುದು. ಈ ಶಾಸನದಲ್ಲಿ ಅನುಮತಿಗಿಂತ ನಿಷೇಧವೇ ಬಲವತ್ತರ. ಹತ್ತು ಕಡೆ ಅಪ್ಪಣೆಯಿದ್ದರೂ ಒಂದು ಕಡೆ ಸ್ಪಷ್ಟವಾದ ನಿಷೇಧವಿದ್ದರೆ ನಿಷೇಧವೇ ನಿಲ್ಲುತ್ತದೆ. ಅದರಂತೆಯೇ, ದಾರಿಯಲ್ಲಿ ಗೂಢಲಿಪಿಯ ರಕ್ಷಣೆಯಿಲ್ಲದೆ ಬಂದ ಕೋರಿಕೆಗಳನ್ನೂ ತಡೆಯಬಹುದು.

ಈ ಕಟ್ಟಳೆಯನ್ನು ಬರೆಯುವವರು ಒಂದು ಸೂಕ್ಷ್ಮವನ್ನು ಮರೆಯತಕ್ಕದ್ದಲ್ಲ. ಬೀಗವಿಲ್ಲದೆ ಬಂದ ಕಡತಕ್ಕೆ ಉಗ್ರಾಣವೇ ಬೀಗ ಹಾಕುವಂತೆ ಏರ್ಪಡಿಸಲು 2017ರಿಂದಲೇ ಅನುಕೂಲವಿದ್ದಿತು. 2023ರ ಜನವರಿ 5ರಿಂದ ಎಸ್ ತ್ರೀಯಲ್ಲಿ ಎಲ್ಲ ಹೊಸ ಕಡತಗಳಿಗೂ ಅದು ತಾನಾಗಿಯೇ ನಡೆಯುತ್ತಿದೆ. ಆದರೆ ದ್ವಾರದಲ್ಲಿ ಮೊದಲು ನೋಡುವುದು ಪಾಲಿಸಿಯನ್ನು. ಉಗ್ರಾಣದ ಬೀಗ ಅದರ ಅನಂತರದ್ದು. ಆದುದರಿಂದ ತಲೆಬರಹವಿಲ್ಲದುದನ್ನೆಲ್ಲ ತಳ್ಳು ಎಂದು ಬರೆದರೆ, ಒಳಗೆ ಹೋದಮೇಲೆ ಬೀಗ ಬೀಳುತ್ತಿದ್ದ ಕಡತವೂ ಹೊರಗೇ ಉಳಿಯುವುದು. ಮರುದಿನ ಕಚೇರಿಯ ಕೆಲಸವೇ ನಿಂತಿತೆಂಬ ದೂರು ಬರುವುದು. ಆಗ ಬೇಸತ್ತು ಇಡೀ ಕಟ್ಟಳೆಯನ್ನೇ ಕಿತ್ತುಹಾಕುವುದಕ್ಕಿಂತ, ಬಕೆಟ್ಟಿಗೆ ನಮ್ಮ ಕೀಲಿಯನ್ನೇ ಸ್ವಯಂಬೀಗವಾಗಿ ನೇಮಿಸಿ, ಬೇರೆ ಕೀಲಿಯನ್ನು ಹೆಸರಿಸಿ ಬಂದುದನ್ನು ಮಾತ್ರ ತಳ್ಳುವಂತೆ ಬರೆಯುವುದು ಲೇಸು. 2023ಕ್ಕೆ ಮೊದಲು ಬೀಗವಿಲ್ಲದೆ ಸೇರಿದ ಹಳೆಯ ಕಡತಗಳಿಗೆ ಈ ಸ್ವಯಂಬೀಗವು ಅನ್ವಯಿಸದು. ಅವನ್ನು ಹುಡುಕಿ ಮತ್ತೊಮ್ಮೆ ಬೀಗದೊಳಗೆ ಸೇರಿಸಬೇಕು.

ಎಲ್ಲಕ್ಕೂ ತಾನಾಗಿಯೇ ಬೀಗ ಬೀಳುವಾಗ ಇನ್ನಾವ ಚಿಂತೆಯೆಂದು ಕೆಲವರು ಕೇಳಬಹುದು. ಎರಡನೆಯ ಪ್ರಶ್ನೆಯು ಇಲ್ಲಿಯೇ ಏಳುತ್ತದೆ. ಆ ಸ್ವಯಂಬೀಗದ ಕೀಲಿ ಉಗ್ರಾಣದ ಕಂಪೆನಿಯದು. ಬಕೆಟ್ಟನ್ನು ಓದುವ ಅಪ್ಪಣೆಯುಳ್ಳವನಿಗೆ ಕಂಪೆನಿಯು ಬೀಗವನ್ನು ತಾನೇ ತೆಗೆದು ಕೊಡುತ್ತದೆ. ಅವನು ಅಪ್ಪಣೆಯನ್ನು ಕದ್ದವನೇ ಆಗಿದ್ದರೂ ಅದಕ್ಕೆ ತಿಳಿಯದು. 2019ರಲ್ಲಿ ಅಮೆರಿಕೆಯ ಕ್ಯಾಪಿಟಲ್ ಒನ್ ಬ್ಯಾಂಕಿನಲ್ಲಿ ನಡೆದುದು ಇದಕ್ಕೆ ನಿದರ್ಶನ. ಅಲ್ಲಿ ಸುಮಾರು 10 ಕೋಟಿ ಅಮೆರಿಕನ್ನರ ಮತ್ತು 60 ಲಕ್ಷ ಕೆನಡಿಯನ್ನರ ವಿವರಗಳು ಪರರ ಕೈಸೇರಿದವು. ತಾನು ಗೂಢಲಿಪಿಯನ್ನು ಬಳಸುತ್ತಿದ್ದರೂ, ಒಳಹೊಕ್ಕವಳಿಗೆ ದೊರೆತ ಅಧಿಕಾರದಿಂದಲೇ ಗೂಢಲಿಪಿಯೂ ಬಿಚ್ಚಿಕೊಂಡಿತೆಂದು ಆ ಬ್ಯಾಂಕೇ ಒಪ್ಪಿಕೊಂಡಿತು. ಬೀಗವಿದ್ದಿತು, ಬಾಗಿಲಿನ ಅಪ್ಪಣೆಯೊಡನೆ ಕೀಲಿಯೂ ಹೋಯಿತು.

ಆದುದರಿಂದ ಖಜಾನೆಯ ಜೋಡಿ ಬೀಗದ ನ್ಯಾಯವನ್ನು ಇಲ್ಲಿಯೂ ಅನುಸರಿಸಬೇಕು. ಕೀಲಿಗಳಿಗಾಗಿಯೇ 2014ರಿಂದ ಕೆ.ಎಂ.ಎಸ್. ಎಂಬ ಪ್ರತ್ಯೇಕ ಏರ್ಪಾಟು ಇದೆ. ಅದರಲ್ಲಿ ಗಿರಾಕಿಯು ತನ್ನದೇ ಕೀಲಿಯನ್ನು ಮಾಡಿಕೊಂಡು, ಅದಕ್ಕೆ ಬೇರೆಯೇ ಪಾಲಿಸಿಯನ್ನು ಬರೆಯಬಹುದು. ಕೋಣೆಯ ಅಪ್ಪಣೆ ಒಬ್ಬರಲ್ಲಿ, ಕೀಲಿಯ ಅಪ್ಪಣೆ ಇನ್ನೊಬ್ಬರಲ್ಲಿದ್ದರೆ, ಒಂದನ್ನು ಕದ್ದವನಿಗೆ ಕಡತ ದೊರೆಯದು. ಕೀಲಿಯನ್ನು ಬಳಸಿದ ಲೆಕ್ಕವೂ ದಾಖಲೆಯಲ್ಲಿ ನಿಲ್ಲುವುದು. ಅನ್ಯರ ಕೀಲಿಗೆ ಎಡೆಗೊಟ್ಟರೆ ಏನಾಗುವುದೆಂಬುದಕ್ಕೂ ಉದಾಹರಣೆಯಿದೆ. 2025ರ ಜನವರಿಯಲ್ಲಿ ಹೊರಬಿದ್ದ ವರದಿಯಂತೆ, ಕದ್ದ ಪ್ರವೇಶಾಧಿಕಾರದಿಂದ ಬಕೆಟ್ಟುಗಳನ್ನು ಹೊಕ್ಕ ದುಷ್ಕರ್ಮಿಗಳು ಅಲ್ಲಿನ ಕಡತಗಳಿಗೆ ತಮ್ಮದೇ ಕೀಲಿಯಿಂದ ಬೀಗ ಜಡಿದು, ಯಜಮಾನರಿಂದಲೇ ಸುಲಿಗೆಯ ಹಣ ಕೇಳಿದರು. ಹೊರಗಿನಿಂದ ತಂದ ಕೀಲಿಯನ್ನು ನಿಷೇಧಿಸುವ ಒಂದು ವಾಕ್ಯವು ಪಾಲಿಸಿಯಲ್ಲಿದ್ದರೆ ಈ ಉಪಾಯವು ಸಾಗದು.

ಇನ್ನು ರಾಷ್ಟ್ರದ ಮಾತು. ಉಗ್ರಾಣವು ಮುಂಬಯಿಯಲ್ಲಿದ್ದ ಮಾತ್ರಕ್ಕೆ ನಮ್ಮದಾಗುವುದಿಲ್ಲ. 2018ರಲ್ಲಿ ಅಮೆರಿಕೆಯು ಮಾಡಿಕೊಂಡ ಕ್ಲೌಡ್ ಆಕ್ಟ್ ಎಂಬ ಶಾಸನದಂತೆ, ಅಲ್ಲಿನ ಅಧಿಕಾರಕ್ಕೊಳಪಟ್ಟ ಕಂಪೆನಿಗಳು ತಮ್ಮ ಸ್ವಾಧೀನದಲ್ಲಿರುವ ಕಡತಗಳನ್ನು, ಅವು ಯಾವ ದೇಶದಲ್ಲಿದ್ದರೂ, ವಾರಂಟು ಬಂದಾಗ ಒಪ್ಪಿಸಬೇಕಾಗುವುದು. ಅತ್ಯಂತ ಗೋಪ್ಯವಾದ ಕಾಗದಗಳಿಗೆ ನಮ್ಮ ಕಟ್ಟಡದಲ್ಲಿಯೇ ಬೀಗ ಹಾಕಿ, ಕೀಲಿಯನ್ನು ನಮ್ಮಲ್ಲಿಯೇ ಇಟ್ಟುಕೊಂಡು ಕಳುಹಿಸಿದರೆ, ಕಂಪೆನಿಯು ಒಪ್ಪಿಸಬಹುದಾದುದು ಅಕ್ಷರರಾಶಿ ಮಾತ್ರ. ಆದರೆ ದ್ವಾರದ ಪಾಲಿಸಿಯು ಓದುವುದು ತಲೆಬರಹವನ್ನಷ್ಟೆ. ಒಳಗಿನ ಕಾಗದಕ್ಕೆ ನಾವು ಮೊದಲೇ ಬೀಗ ಹಾಕಿರುವೆವೋ ಇಲ್ಲವೋ ಎಂಬುದನ್ನು ಅದು ಅರಿಯದು. ಆ ಶಿಸ್ತು ನಮ್ಮದೇ ಆಗಿರಬೇಕು.

ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿದರು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. 2023ರಲ್ಲಿ ಪ್ರಜೆಗಳ ವಿವರಗಳ ರಕ್ಷಣೆಗಾಗಿ ಶಾಸನವಾಯಿತು. ಯುಕ್ತವಾದ ರಕ್ಷಣೆಯನ್ನು ಮಾಡದವರಿಗೆ 250 ಕೋಟಿ ರೂಪಾಯಿಗಳವರೆಗೆ ದಂಡವೆಂದು ಅದರಲ್ಲಿದೆ. 2025ರ ನವೆಂಬರಿನಲ್ಲಿ ಪ್ರಕಟವಾದ ನಿಯಮಗಳು ಗೂಢಲಿಪಿಯನ್ನು ಹೆಸರಿಸಿಯೇ ಹೇಳಿವೆ. ಸಿದ್ಧತೆಗಾಗಿ 18 ತಿಂಗಳ ಅವಧಿಯನ್ನೂ ಕೊಟ್ಟಿವೆ. ಅವಧಿಯ ಕೊನೆಯ ವಾರಕ್ಕೆ ಕೆಲಸವನ್ನು ಬಿಡುವ ನಮ್ಮ ಹಳೆಯ ಚಾಳಿ ಇಲ್ಲಿ ಹೊಂದದು.

ಕೀಲಿ ಕಳೆದರೆ ಕಡತವೂ ಕಳೆಯುವುದೆಂಬ ಆಕ್ಷೇಪವು ನಿರಾಧಾರವಲ್ಲ. ಆದುದರಿಂದಲೇ ಕೆ.ಎಂ.ಎಸ್.ನಲ್ಲಿ ಕೀಲಿಯನ್ನು ಅಳಿಸಬೇಕೆಂದರೂ ಕನಿಷ್ಠ 7 ದಿನ ಕಾಯಬೇಕು. ಅವಧಿಯನ್ನು 30 ದಿನಗಳವರೆಗೆ ಹೆಚ್ಚಿಸಬಹುದು. ಕಳೆಯುವ ಭಯದಿಂದ ಕೀಲಿಯನ್ನು ಬಾಗಿಲಿಗೇ ನೇತುಹಾಕುವ ಗೃಹಸ್ಥನನ್ನು ನಾವು ಕಂಡಿಲ್ಲ.

ಇಲಾಖೆಗಳ ಮುಖ್ಯರೂ ಪುರಸಭೆ, ಬ್ಯಾಂಕು, ಆಸ್ಪತ್ರೆಗಳ ಆಡಳಿತದವರೂ ತಮ್ಮ ತಾಂತ್ರಿಕ ಸಿಬ್ಬಂದಿಯನ್ನು ಕರೆದು ಮೂರು ಮಾತುಗಳನ್ನು ಕೇಳಬೇಕೆಂದು ನಾವು ವಿನಂತಿಸುತ್ತೇವೆ. ನಮ್ಮ ಬಕೆಟ್ಟಿನ ಬಾಗಿಲಿನಲ್ಲಿ ನಿಷೇಧವು ಬರೆದಿದೆಯೆ? ಕೀಲಿ ಯಾರ ಹೆಸರಿನಲ್ಲಿದೆ? ಆ ನಿಷೇಧವನ್ನು ಅಳಿಸುವ ಅಧಿಕಾರ ಎಷ್ಟು ಮಂದಿಗೆ ಇದೆ? ಮೂರನೆಯದು ಎಲ್ಲಕ್ಕಿಂತಲೂ ಮುಖ್ಯ. ಯಾರು ಬೇಕಾದರೂ ಅಳಿಸಬಹುದಾದ ಕಟ್ಟಳೆಯು ಸುತ್ತೋಲೆಗಿಂತ ಮೇಲಲ್ಲ. ಉತ್ತರವು ಬರೆಹದಲ್ಲಿ ಬರಲಿ. ತನ್ನ ರೋಗವನ್ನೂ ಸಾಲವನ್ನೂ ಸರಕಾರವನ್ನು ನಂಬಿ ಬರೆದುಕೊಟ್ಟ ಪ್ರಜೆಗೆ ನಾವು ಸಲ್ಲಿಸಬೇಕಾದ ಮೊದಲನೆಯ ಲೆಕ್ಕ ಇದೇ ಆಗಿದೆ.