ವಾರಂಟಿ ಮುಗಿದ ಮೇಲೆ ಫ್ರೇಮ್ ಬಿರುಕು ಬಿಟ್ಟರೆ ವೆಲ್ಡಿಂಗ್ ಶಾಪಿಗೆ ಓಡಬೇಡಿ

ಕೊಪ್ಪದ ಹುಡುಗಿಯೊಬ್ಬಳು 70,000 ರೂಪಾಯಿ ಕೊಟ್ಟು ಗೇರ್ ಸೈಕಲ್ ತಗೊಂಡಿದ್ದಾಳೆ ಅಂದ್ಕೊಳ್ಳಿ. ಒಂದು ಭಾನುವಾರ ಶೃಂಗೇರಿ, ಇನ್ನೊಂದು ಭಾನುವಾರ ನರಸಿಂಹರಾಜಪುರ. ವಾರಂಟಿ ಒಂದು ವರ್ಷ. 14ನೇ ತಿಂಗಳಲ್ಲಿ ಫ್ರೇಮಿನ ಜಾಯಿಂಟ್ ಬಳಿ ಬಿರುಕು. ಅಂಗಡಿಯವರದು ಒಂದೇ ಮಾತು: 'ವಾರಂಟಿ ಮುಗೀತಲ್ಲ ಮೇಡಂ.'

ಬಹಳ ಜನ ಇಲ್ಲಿಗೇ ಸುಮ್ಮನಾಗ್ತಾರೆ. ಆಗಬೇಕಿಲ್ಲ. ವಾರಂಟಿ ಅನ್ನೋದು ಇಷ್ಟು ದಿನದೊಳಗೆ ಕೆಟ್ಟರೆ ಸರಿಮಾಡಿ ಕೊಡ್ತೀವಿ ಅಂತ ಕಂಪನಿ ಕೊಟ್ಟ ಮಾತು. ಕಾನೂನು ಕೊಟ್ಟ ಹಕ್ಕು ಬೇರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 'ದೋಷ' ಅಂದರೇನು ಅಂತ ಹೇಳುವಾಗ ವಾರಂಟಿಯ ತಾರೀಖಿನ ಮಾತೇ ಎತ್ತೋದಿಲ್ಲ. ತಯಾರಿಕೆಯಲ್ಲೇ ಉಳಿದ ದೋಷ ತಡವಾಗಿ ಕಣ್ಣಿಗೆ ಬಿದ್ದರೂ ತಯಾರಿಕೆಯ ದೋಷವೇ.

ಆದರೆ ಅದನ್ನು ಸಾಬೀತು ಮಾಡಬೇಕಾದವರು ನೀವು. ಕೇಸು ಗೆಲ್ಲೋದು, ಸೋಲೋದು ಇಲ್ಲೇ. ನಾವು ಮೊದಲು ಮಾಡೋ ಕೆಲಸ ಏನು? ಪಕ್ಕದ ವೆಲ್ಡಿಂಗ್ ಶಾಪಿಗೆ ಹೋಗಿ 'ಸ್ವಲ್ಪ ಟಚ್ ಕೊಡಿ' ಅನ್ನೋದು. ಅಲ್ಲಿಗೆ ಸಾಕ್ಷಿ ಸುಟ್ಟುಹೋಯ್ತು. ಎಂಜಿನಿಯರಿಂಗ್ ಓದಿದ್ದರಲ್ಲಿ ನನಗೆ ನೆನಪಿರೋದು ಕಮ್ಮಿ, ಇದೊಂದು ನೆನಪಿದೆ: ಲೋಹ ಮುರಿದ ಜಾಗವೇ ಎಷ್ಟೋ ಸಲ ಕಾರಣ ಹೇಳುತ್ತೆ. ಬಿರುಕು ನಿಧಾನಕ್ಕೆ ಬೆಳೆದ ಭಾಗ ನುಣುಪಾಗಿ, ಮಂಕಾಗಿರುತ್ತೆ. ಕೊನೆಗೆ ಒಮ್ಮೆಲೇ ಮುರಿದ ಭಾಗ ಒರಟು. ಫ್ಯಾಕ್ಟರಿಯ ವೆಲ್ಡಿನೊಳಗಿನ ಗಾಳಿಗುಳ್ಳೆಯಿಂದ ಬಿರುಕು ಹೊರಟಿದ್ದರೆ ನಿಮ್ಮ ದೂರಿಗೆ ಬಲ. ಕಲ್ಲಿಗೆ ಬಡಿದ ನೆಗ್ಗಿನಿಂದ ಹೊರಟಿದ್ದರೆ ಕಂಪನಿಯ ವಾದಕ್ಕೆ ಬಲ. ಗ್ರಾಹಕ ಆಯೋಗ ಸೈಕಲ್ಲನ್ನು ಲ್ಯಾಬಿಗೆ ಕಳಿಸಬಹುದು, ಆ ಶುಲ್ಕವನ್ನು ನಿಮ್ಮಿಂದಲೇ ಕಟ್ಟಿಸಿಕೊಳ್ಳಲೂಬಹುದು. ಹಾಗಾಗಿ ಮುಟ್ಟದೆ ಇಡಿ, ಫೋಟೋ ತೆಗೀರಿ, ಬಿಲ್ಲು ಮತ್ತು ಸರ್ವಿಸ್ ರಸೀದಿ ಹುಡುಕಿ, ಕಂಪನಿಗೆ ಇಮೇಲ್ ಹಾಕಿ. ಫೋನಿನಲ್ಲಿ ಜಗಳ ಆಡಿದ್ದಕ್ಕೆ ದಾಖಲೆ ಇರಲ್ಲ.

ಸೈಕಲ್ ಬೆಂಗಳೂರಿನಲ್ಲಿ ತಗೊಂಡಿರಲಿ, ಆನ್‌ಲೈನ್‌ನಲ್ಲಿ ತರಿಸಿರಲಿ, ನೀವು ವಾಸ ಇರೋ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂದರೆ ಚಿಕ್ಕಮಗಳೂರಿನ ಜಿಲ್ಲಾ ಆಯೋಗ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು, ವಿಡಿಯೋ ವಿಚಾರಣೆಗೂ ಅರ್ಜಿ ಹಾಕಬಹುದು. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯ ಅಲ್ಲ. ಅದಕ್ಕೂ ಮೊದಲು 1915ಕ್ಕೆ ಒಂದು ಫೋನ್ ಮಾಡಿ ನೋಡಿ.

ಗಡುವು 2 ವರ್ಷ. ದೋಷ ಕಂಡ ದಿನದಿಂದ ಅಂತ ನೀವಂತೀರಿ, ಕೊಂಡ ದಿನದಿಂದ ಅಂತ ಕಂಪನಿ ಅನ್ನುತ್ತೆ. ಆ ಜಗಳಕ್ಕೆ ಎಡೆ ಕೊಡದಷ್ಟು ಬೇಗ ಹೋಗಿ.

ಜಿಮ್ ಇಟ್ಟವರ ಟ್ರೆಡ್‌ಮಿಲ್ ಕೆಟ್ಟರೆ ಲೆಕ್ಕ ಬೇರೆ. ತಾವೇ ದುಡಿದು ಹೊಟ್ಟೆಪಾಡು ನಡೆಸೋಕೆ ತಗೊಂಡಿದ್ದರೆ ಅವರೂ ಗ್ರಾಹಕರೇ. ಆಳುಗಳನ್ನಿಟ್ಟು ನಡೆಸೋ ದೊಡ್ಡ ವ್ಯಾಪಾರವಾದರೆ, ಕಂಪನಿಯ ವಕೀಲರು ಮೊದಲು ಎತ್ತೋ ತಕರಾರೇ ಅದು.